ಚಾಮರಾಜಪೇಟೆಯ ಹಳೇ ವಠಾರ ಮಾರಾಟಕ್ಕಿದೆ, ಕೊಳ್ಳಬಹುದಾ?

ಪ್ರಶ್ನೆ: ನಾನು, ನನ್ನ ತಮ್ಮ ಸೇರಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಂದು ವಠಾರ ನೋಡಿದ್ದೇವೆ. ಸೈಟು 30×90 ಅಡಿ. 1930ರ ದಶಕದಲ್ಲಿ ಕಟ್ಟಿದ್ದು ಅಂತಾರೆ. ಆರು ಮನೆ, ರಸ್ತೆ ಕಡೆಗೆ 10×12 ಅಡಿಯ ಒಂದು ಟೈಲರ್ ಅಂಗಡಿ. ಮೂರು ಮನೆ ಖಾಲಿ ಇವೆ. ಒಂದರಲ್ಲಿ 1974ರಿಂದ ಒಂದೇ ಕುಟುಂಬ ಇದೆ. ಈಗ ಅಜ್ಜಿ, ಮಗ ಇದ್ದಾರೆ, ಬಾಡಿಗೆ 900 ರೂಪಾಯಿ. ಇನ್ನೊಂದು 12 ಲಕ್ಷಕ್ಕೆ ಭೋಗ್ಯಕ್ಕೆ ಹೋಗಿದೆ. ಮತ್ತೊಂದರಲ್ಲಿ ಮಾಲೀಕರಲ್ಲಿ ಕಿರಿಯವರು ಇದ್ದಾರೆ. ಜಾಗ ಕೊಂಡಿದ್ದು ಇವರ ತಾತ. ಮಾರುತ್ತಿರುವವರು ಮೂವರು ಅಣ್ಣತಮ್ಮಂದಿರು, ಅವರಲ್ಲಿ ಒಬ್ಬರು ಅಮೆರಿಕದಲ್ಲಿ ನೆಲೆಸಿದ್ದಾರೆ. 4 ಕೋಟಿ 60 ಲಕ್ಷ ಹೇಳುತ್ತಿದ್ದಾರೆ. 'ಎಲ್ಲರನ್ನೂ ಖಾಲಿ ಮಾಡಿಸಿ ಕೊಡ್ತೀವಿ, ಈ ವಾರ ಹತ್ತು ಲಕ್ಷ ಅಡ್ವಾನ್ಸ್ ಹಾಕಿ' ಅಂತ ಬ್ರೋಕರ್ ಅವಸರ ಮಾಡುತ್ತಿದ್ದಾರೆ. ತಗೊಳ್ಳಬಹುದಾ? ತಗೊಂಡರೆ ಕೆಡವಿ ಕಟ್ಟಬೇಕಾ, ಇದ್ದದ್ದನ್ನೇ ಉಳಿಸಿಕೊಳ್ಳಬಹುದಾ?

ಉತ್ತರ: ಅವಸರದ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈ ವಾರ ಹತ್ತು ಲಕ್ಷ ಹಾಕಬೇಡಿ. ಮುಂದಿನ ವಾರವೂ ಬೇಡ. ಇಂಥ ವಠಾರ ಕೈತಪ್ಪಿ ಹೋಯಿತು ಅಂತ ಅತ್ತವರನ್ನು ನಾನು ಕಂಡಿಲ್ಲ. ಅಡ್ವಾನ್ಸ್ ಕೊಟ್ಟು ಸಿಕ್ಕಿಹಾಕಿಕೊಂಡೆ ಅಂತ ಅತ್ತವರನ್ನು ಬೇಕಾದಷ್ಟು ಕಂಡಿದ್ದೇನೆ. ಹಳೇ ಮನೆಗಳಿಗೆ ಬೆಲೆ ಕಟ್ಟುವುದೇ ನನ್ನ ಕೆಲಸ, ಅದರಲ್ಲೂ ಪೇಟೆ ಕಡೆಯ ಮನೆಗಳು ಜಾಸ್ತಿ.

ಬ್ರೋಕರ್ ನಿಮಗೆ ಹೇಳಿರುವುದು 2,700 ಚದರಡಿ ಖಾಲಿ ಸೈಟಿನ ಬೆಲೆ. ಮಾರಾಟಕ್ಕಿರುವುದು ಜನ ವಾಸ ಇರುವ ವಠಾರ. ಎರಡಕ್ಕೂ ಬೆಲೆ ಬೇರೆ ಬೇರೆ. ನಡುವಿನ ವ್ಯತ್ಯಾಸ ಎಷ್ಟು ಅಂತ ಗೊತ್ತಾಗಬೇಕಾದರೆ, ಆ ಜಾಗದಲ್ಲಿ ಯಾರ್ಯಾರಿಗೆ ಏನೇನು ಹಕ್ಕಿದೆ ಅಂತ ಮೊದಲು ಗೊತ್ತಾಗಬೇಕು. ಕೆಡವುವುದೋ ಉಳಿಸುವುದೋ ಅನ್ನೋದು ಆಮೇಲಿನ ಮಾತು.

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡಿದ್ದು ಅಲ್ಲಿ ಇಲ್ಲದವರು. ತಾತ ಇದ್ದಾರೆ, ಮೂವರು ಮೊಮ್ಮಕ್ಕಳಿದ್ದಾರೆ. ಮಾರುವ ಕಡೆಯಿಂದ ಒಬ್ಬ ಹೆಣ್ಣುಮಗಳೂ ಇಲ್ಲ. ಮೂರು ತಲೆಮಾರಿನ ಮನೆಯಲ್ಲಿ ಹೆಣ್ಣುಮಕ್ಕಳೇ ಹುಟ್ಟಿಲ್ಲ ಅಂದರೆ ನಾನು ನಂಬುವುದಿಲ್ಲ. ಈ ಮೂವರಿಗೆ ಅಕ್ಕತಂಗಿಯರು ಇದ್ದಾರಾ? ಇವರ ಅಪ್ಪನಿಗೆ ಅಕ್ಕತಂಗಿಯರು ಇದ್ದರಾ? ಅಮ್ಮ ಇದ್ದಾರಾ? ಇದನ್ನು ಬಾಯಲ್ಲಿ ಕೇಳಿದರೆ ಸಾಲದು. ವಂಶವೃಕ್ಷ ಮಾಡಿಸಿಕೊಂಡು ಬರಲು ಹೇಳಿ. ಅದನ್ನು ಅವರ ನೆಂಟರಲ್ಲಿ ಹಿರಿಯರೊಬ್ಬರಿಗೆ ತೋರಿಸಿ ತಾಳೆ ನೋಡಿ.

ಇದಕ್ಕೆ ಕಾರಣ ಇದೆ. ತಾತ ಸ್ವಂತ ದುಡಿಮೆಯಿಂದ ಕೊಂಡ ಜಾಗ ಅದು ಅಂತಿಟ್ಟುಕೊಳ್ಳಿ. ಅವರು ವಿಲ್ ಬರೆಯದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತೀರಿಕೊಂಡಿದ್ದರೆ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಂದರೆ ಇವರ ಸೋದರತ್ತೆಯರಿಗೂ ಪಾಲಿದೆ. ಅವರು ಈಗ ಇಲ್ಲದಿದ್ದರೆ ಅವರ ಮಕ್ಕಳಿಗಿದೆ. ಅಲ್ಲ, ಇದು ಒಟ್ಟು ಕುಟುಂಬದ ಆಸ್ತಿ ಅಂತ ಯಾರಾದರೂ ವಾದ ಮಾಡಿದರೂ ಹೆಣ್ಣುಮಕ್ಕಳು ತಪ್ಪಿಹೋಗುವುದಿಲ್ಲ. ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಬೇಕಿತ್ತೇ ಇಲ್ಲವೇ ಅನ್ನೋ ಗೊಂದಲಕ್ಕೆ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಮಾತು ಬೇರೆ. 'ಮನೆಯಲ್ಲೇ ಬಾಯಿಮಾತಲ್ಲಿ ಪಾಲಾಗಿದೆ ಸಾರ್' ಅಂದರೆ ನಕ್ಕು ಸುಮ್ಮನಾಗಿ.

ನಮ್ಮ ಮನೆಯ ಕತೆ ಹೇಳುತ್ತೇನೆ. ನಮ್ಮ ತಾತನದೂ ಒಂದು ವಠಾರ ಇತ್ತು. ನಾನು ಬೆಳೆದದ್ದು ಅಲ್ಲೇ, ಎಂಟು ಮನೆಗೆ ಒಂದು ಬಾವಿ. ಅಪ್ಪ, ಚಿಕ್ಕಪ್ಪಂದಿರು ಸೇರಿ ಮಾರಲು ಹೊರಟರು. ಹುಬ್ಬಳ್ಳಿಗೆ ಕೊಟ್ಟಿದ್ದ ಅತ್ತೆಯನ್ನು ಯಾರೂ ಕೇಳಲಿಲ್ಲ. ಕೊಳ್ಳುವವರು ಅಡ್ವಾನ್ಸ್ ಕೊಟ್ಟರು. ಮೂರು ತಿಂಗಳಿಗೆ ಅತ್ತೆಯ ಮಗ ಪಾಲಿಗೆ ದಾವೆ ಹಾಕಿದ. ಒಂಬತ್ತು ವರ್ಷ ನಡೆಯಿತು. ಅಷ್ಟರಲ್ಲಿ ಹಿಂದಿನ ಎರಡು ಮನೆಯ ಚಾವಣಿ ಕುಸಿದೇ ಹೋಯಿತು. ಎಲ್ಲ ಮುಗಿದ ಮೇಲೆ ಅತ್ತೆ ಅಂದರು, 'ಬಂದು ಒಂದು ಮಾತು ಕೇಳಿದ್ದರೆ ಅವತ್ತೇ ಸಹಿ ಹಾಕಿ ಕಳಿಸ್ತಿದ್ದೆ.' ಆ ಕೊಂಡವರ ಜಾಗದಲ್ಲಿ ನೀವು ನಿಲ್ಲಬಾರದು. ಎಲ್ಲ ಹೆಣ್ಣುಮಕ್ಕಳೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಅದಕ್ಕೂ ಮೊದಲು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು. ಅಮೆರಿಕದಲ್ಲಿರುವವರು ಬರಲಾಗದಿದ್ದರೆ ಅಧಿಕಾರ ಪತ್ರ ಕಳಿಸಲಿ. ಅಲ್ಲಿನ ಭಾರತೀಯ ದೂತಾವಾಸದಲ್ಲೋ ನೋಟರಿ ಮುಂದೆಯೋ ದೃಢೀಕರಿಸಿದ್ದು ಆಗಿರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿರಬೇಕು.

ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ತೆಗೆಸುವಾಗಲೂ ಒಂದು ಎಚ್ಚರ. 2004ರ ಏಪ್ರಿಲ್‌ನಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುತ್ತದೆ. ತುಂಬಾ ಜನ ಅಷ್ಟಕ್ಕೇ ನಿಲ್ಲಿಸುತ್ತಾರೆ. ನಿಮ್ಮ ವಠಾರದ ಕತೆ ಇರುವುದೇ ಅದಕ್ಕೂ ಹಿಂದೆ. ಉಪ ನೋಂದಣಿ ಕಚೇರಿಗೆ ಅರ್ಜಿ ಹಾಕಿ ಹಳೆಯದನ್ನೂ ತೆಗೆಸಿ, ಮೂಲ ಕ್ರಯಪತ್ರದವರೆಗೂ ಹೋಗಿ. ಖಾತೆ ಇನ್ನೂ ತಾತನ ಹೆಸರಲ್ಲೇ ಇದ್ದರೆ ಆಶ್ಚರ್ಯ ಇಲ್ಲ. ಬದಲಾಯಿಸುವ ಕೆಲಸ ಮಾರುವವರದು. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಖಾತೆ ಅಂದರೆ ತೆರಿಗೆ ಲೆಕ್ಕದ ದಾಖಲೆ, ಅದರಿಂದಲೇ ಮಾಲೀಕತ್ವ ಬರುವುದಿಲ್ಲ. ಹಾಗೇ ಸಿವಿಲ್ ಕೋರ್ಟಿನಲ್ಲಿ ಇವರ ಹೆಸರಿನಲ್ಲಿ ದಾವೆ ಏನಾದರೂ ಇದೆಯಾ ಅಂತ ವಕೀಲರ ಕೈಲಿ ಹುಡುಕಿಸಿ. ಕನ್ನಡ, ಇಂಗ್ಲಿಷ್ ಎರಡೂ ಪತ್ರಿಕೆಯಲ್ಲಿ ಒಂದೊಂದು ಪ್ರಕಟಣೆ ಕೊಡಿಸಿ. ಸ್ವಲ್ಪ ಖರ್ಚು, ತುಂಬಾ ನೆಮ್ಮದಿ.

ಇನ್ನು ಒಳಗೆ ಇರುವವರು. 'ಖಾಲಿ ಮಾಡಿಸಿ ಕೊಡ್ತೀವಿ' ಅನ್ನೋ ಮಾತಿಗೆ ದುಡ್ಡಿನ ಬೆಲೆ ಇಲ್ಲ, ಬರೆದುಕೊಟ್ಟರೂ ಅಷ್ಟೇ. ಮಾಲೀಕ ಬದಲಾದ ಮಾತ್ರಕ್ಕೆ ಬಾಡಿಗೆದಾರರು ಹೊರಗೆ ಹೋಗಬೇಕಿಲ್ಲ. ಕ್ರಯಪತ್ರವಾದ ದಿನದಿಂದ ಅವರು ನಿಮ್ಮ ಬಾಡಿಗೆದಾರರು.

900 ರೂಪಾಯಿ ಬಾಡಿಗೆಯ ಅಜ್ಜಿಯ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯವಾಗುತ್ತದೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಆ ಕಾಯ್ದೆ ಇಲ್ಲ, 15 ದಿನದ ನೋಟಿಸ್ ಕೊಟ್ಟು ಸಿವಿಲ್ ಕೋರ್ಟಿಗೆ ಹೋಗಬಹುದು. ಅದಕ್ಕಿಂತ ಕಡಿಮೆ ಇದ್ದರೆ ಕಾಯ್ದೆಯಲ್ಲಿ ಹೇಳಿರುವ ಕಾರಣಗಳಲ್ಲಿ ಒಂದನ್ನು ನೀವು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಟೈಲರ್ ಅಂಗಡಿಯ ವಿಷಯ ಇನ್ನೂ ಸೂಕ್ಷ್ಮ. ದೊಡ್ಡ ಅಂಗಡಿಗಳಿಗೆ ಈ ಕಾಯ್ದೆ ಇಲ್ಲ, ಆದರೆ 14 ಚದರ ಮೀಟರ್‌ವರೆಗಿನ ಅಂಗಡಿಗೆ ಇದೆ. ನೀವು ಹೇಳಿದ 10×12 ಅಂದರೆ 120 ಚದರಡಿ, ಸುಮಾರು 11 ಚದರ ಮೀಟರ್. ಒಳಗೇ ಬಂತು! ಬಾಡಿಗೆ ಎಷ್ಟು ಅಂತ ನೀವು ಬರೆದಿಲ್ಲ. ಅದೂ 3,500ರ ಒಳಗಿದ್ದರೆ ಟೈಲರ್‌ಗೂ ಅಜ್ಜಿಯಷ್ಟೇ ರಕ್ಷಣೆ.

ಅಜ್ಜಿಯ ಮನೆಯ ಕರಾರು ಯಾರ ಹೆಸರಲ್ಲಿದೆ ಅಂತ ಕೇಳಿ. ಬಹುಶಃ ಅವರ ಯಜಮಾನರ ಹೆಸರಲ್ಲಿರುತ್ತದೆ. ಬಾಡಿಗೆದಾರ ತೀರಿಕೊಂಡರೆ ಅವರ ವಾರಸುದಾರರಿಗೆ ಬಾಡಿಗೆ ಹಕ್ಕು ಐದು ವರ್ಷ ಅಂತ ಈ ಕಾಯ್ದೆ ಮಿತಿ ಹಾಕಿದೆ. ಆಮೇಲೂ ಮಾಲೀಕರು ಅವರ ಹೆಸರಿಗೇ ರಶೀದಿ ಕೊಡುತ್ತಾ ಬಂದಿದ್ದರೆ ಲೆಕ್ಕ ಬದಲಾಗಬಹುದು. ಅದಕ್ಕೇ ರಶೀದಿ ಪುಸ್ತಕ ನೋಡಬೇಕು. ಇಲ್ಲಿ ಕೆಲವರು ಹೆದರಿಸುತ್ತಾರೆ, 'ಐವತ್ತು ವರ್ಷ ಇದ್ದಾರೆ, ಮನೆ ಅವರದ್ದೇ ಆಯ್ತು' ಅಂತ. ಅದು ಸುಳ್ಳು. ಬಾಡಿಗೆ ಕೊಡುತ್ತಾ ಇರುವವರು ಎಷ್ಟು ವರ್ಷ ಇದ್ದರೂ ಮಾಲೀಕರಾಗುವುದಿಲ್ಲ.

ಇದೆಲ್ಲ ಕಾನೂನಿನ ಮಾತಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಕೋರ್ಟಿನ ದಾರಿಯೇ ಬೇಡ. ಸಾಲ ಮಾಡಿ ಕೊಂಡರೆ ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ 4 ಕೋಟಿ 60 ಲಕ್ಷಕ್ಕೆ ತಿಂಗಳಿಗೆ ಸುಮಾರು ಮೂರೂವರೆ ಲಕ್ಷ ಬಡ್ಡಿ. ಸ್ವಂತ ದುಡ್ಡಾದರೂ ಅದಕ್ಕೂ ಬಡ್ಡಿ ಇದ್ದೇ ಇದೆ ಅಲ್ವಾ. ಒಂದು ವರ್ಷ ಕೇಸು ಎಳೆದರೆ ನಲವತ್ತು ಲಕ್ಷ ಹೋಯಿತು. ಅದರಲ್ಲಿ ಒಂದು ಭಾಗವನ್ನು ಅಜ್ಜಿಯ ಮಗನಿಗೆ ಮೊದಲೇ ಕೊಟ್ಟು, ಅದೇ ಬೀದಿಯ ಸುತ್ತಮುತ್ತ ಮನೆ ಹುಡುಕಿಕೊಟ್ಟರೆ ಇಬ್ಬರಿಗೂ ಲಾಭ. ಆ ವಯಸ್ಸಿನಲ್ಲಿ ಹಾಲಿನವನು, ದೇವಸ್ಥಾನ, ಡಾಕ್ಟರು ಬಿಟ್ಟು ಯಾವುದೋ ಬಡಾವಣೆಗೆ ಹೋಗು ಅಂದರೆ ಯಾರು ಒಪ್ಪುತ್ತಾರೆ? ಈ ಮಾತುಕತೆಯನ್ನು ಬ್ರೋಕರ್ ಕೈಗೆ ಕೊಡಬೇಡಿ. ನೀವೇ ಹೋಗಿ ಕೂತು ಮಾತಾಡಿ.

ಭೋಗ್ಯದ್ದು ಬೇರೆ ತಲೆನೋವು. 12 ಲಕ್ಷ ತಗೊಂಡವರು ಯಾರು? ಮೂವರೂ ಸೇರಿಯೋ, ಅಲ್ಲೇ ಇರುವ ಕಿರಿಯವರೊಬ್ಬರೋ? ಸಾಮಾನ್ಯವಾಗಿ ಈ ಕರಾರು ಛಾಪಾ ಕಾಗದದ ಮೇಲೆ ಬರೆದು ಮನೆಯಲ್ಲೇ ಸಹಿ ಹಾಕಿದ್ದು. ನೋಂದಣಿ ಆಗಿರುವುದಿಲ್ಲ. ಹಾಗಾಗಿ ಇಸಿಯಲ್ಲಿ ಬರುವುದಿಲ್ಲ. ಇಸಿ ಕ್ಲಿಯರ್ ಇದೆ ಅಂತ ಕುಣಿಯುವವರು ಎಡವುವುದು ಇಲ್ಲೇ. ಒಂದೊಂದು ಮನೆಯ ಬಾಗಿಲನ್ನೂ ತಟ್ಟಿ ಕರಾರಿನ ಜೆರಾಕ್ಸ್ ಕೇಳಿ. ಖಾಲಿ ಅಂದ ಮೂರು ಮನೆಯ ಬೀಗವನ್ನೂ ತೆಗೆಸಿ ನೋಡಿ. ಅಲ್ಲಿ ಪೇಟೆಯ ಯಾರದೋ ಸರಕು ತುಂಬಿದ್ದರೆ ಅದು ಖಾಲಿ ಮನೆ ಅಲ್ಲ, ಗೋಡೌನು. ಭೋಗ್ಯದ 12 ಲಕ್ಷವನ್ನು ಮಾರುವವರ ಕೈಗೆ ಕೊಡಬೇಡಿ. ಒಟ್ಟು ಬೆಲೆಯಿಂದ ಮುರಿದುಕೊಂಡು, ನೋಂದಣಿ ದಿನ ಭೋಗ್ಯದವರ ಹೆಸರಿಗೇ ಡಿಡಿ ಮಾಡಿಸಿ, ಕೀಲಿಕೈ, ರಶೀದಿ ಎರಡನ್ನೂ ಅಲ್ಲೇ ತಗೊಳ್ಳಿ.

ಈಗ ಟೇಪು ಹಿಡಿಯೋಣ. ಚಾಮರಾಜಪೇಟೆ ಪ್ಲೇಗಿನಿಂದ ಹುಟ್ಟಿದ ಬಡಾವಣೆ ಅಂತ ಕೆಲವರು ಅಂದುಕೊಂಡಿದ್ದಾರೆ. ಪ್ಲೇಗು ಬಂದಿದ್ದು 1898ರಲ್ಲಿ, ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಕಾಲಕ್ಕೆ. ಚಾಮರಾಜಪೇಟೆ ಅದಕ್ಕೂ ಮೊದಲೇ, 1892ರಲ್ಲಿ, ಕೋಟೆ ಪಕ್ಕದಲ್ಲಿ ಅಳತೆ ಹಾಕಿ ಮಾಡಿದ್ದು. ಚಾಮರಾಜೇಂದ್ರ ಒಡೆಯರ ಹೆಸರು ಅದಕ್ಕೆ. ನೇರ ಮೇನ್ ರೋಡುಗಳು, ಕ್ರಾಸ್‌ಗಳು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳು. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಸಾಗಿಸಲು ಬಿಟ್ಟ ಓಣಿ ಅದು. ಒಳಚರಂಡಿ ಬಂದ ಮೇಲೆ ಅಲ್ಲಿಗೆ ಕೆಲಸ ಇಲ್ಲದಾಯಿತು. ಎಷ್ಟೋ ಕಡೆ ಎರಡೂ ಬದಿಯವರು ಒಂದೊಂದು ಬಚ್ಚಲು ಎಳೆದುಕೊಂಡರು.

ಮೂಲ ಪತ್ರದ ಚಕ್ಕುಬಂದಿ, ಅಂದರೆ ನಾಲ್ಕೂ ಕಡೆಯ ಗಡಿಯ ವಿವರ, ಓದಿ. ಹಿಂದಿನ ಗಡಿ 'ಕನ್ಸರ್ವೆನ್ಸಿ' ಅಂತಿದ್ದರೆ ಅಲ್ಲಿಂದ ಅಳೆಯಿರಿ. ಪತ್ರದಲ್ಲಿ 90 ಅಡಿ, ಜಾಗದಲ್ಲಿ 96 ಅಡಿ ಬಂದರೆ ಖುಷಿ ಪಡಬೇಡಿ. ಆ ಆರು ಅಡಿ ಪಾಲಿಕೆಯದು, ಮೇಲಿರುವ ಕಕ್ಕಸು ಒಂದು ದಿನ ಒಡೆಯುತ್ತಾರೆ. ಅಗಲ 30ರ ಬದಲು 29 ಬಂದರೆ, ಪಕ್ಕದವರ ಹೊಸ ಕಟ್ಟಡದ ಕಡೆಗೆ ನೋಡಿ. ಆ ಬದಿಯ ಗೋಡೆ ಜಂಟಿ ಗೋಡೆಯೇ ಅನ್ನೋದೂ ಪತ್ರದಲ್ಲಿ ಇರಬೇಕು. ಕೆಡವುವ ದಿನ ಅದೇ ದೊಡ್ಡ ಜಗಳ ಆಗುವುದು.

ಕಟ್ಟಡ ನೋಡಲು ಒಳ್ಳೆ ಮಳೆ ಬಂದ ಮಾರನೇ ದಿನ ಹೋಗಿ. ಆ ಕಾಲದ ಮನೆಗಳಿಗೆ ಮದ್ರಾಸ್ ತಾರಸಿ ಇರುವುದು ಜಾಸ್ತಿ: ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ಅಡ್ಡಡ್ಡ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ತೊಲೆಯ ನಡುಭಾಗ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಅದು ಯಾವಾಗಲೂ ಚೆನ್ನಾಗೇ ಕಾಣುತ್ತದೆ. ಕೆಡುವುದು ಗೋಡೆಯೊಳಗೆ ಹೋಗುವ ತುದಿ. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಗೆದ್ದಲೋ ನೀರೋ ಒಳಗೆ ಕೆಲಸ ಮುಗಿಸಿದೆ. ಆಮೇಲೆ ತಾರಸಿ ಹತ್ತಿ. ಆರು ಮನೆಗೆ ಆರು ಸಿಂಟೆಕ್ಸ್ ಇಟ್ಟಿರುತ್ತಾರೆ. ಒಂದು ಸಾವಿರ ಲೀಟರ್ ಅಂದರೆ ಒಂದು ಟನ್ ಭಾರ. ಅದನ್ನು ಹೊರಲು ಆ ತೊಲೆಗಳನ್ನು ಯಾರೂ ಇಟ್ಟಿರಲಿಲ್ಲ. ಟ್ಯಾಂಕಿನ ಕೆಳಗಿನ ಕೋಣೆಯ ಚಾವಣಿ ಬಾಗಿದೆಯಾ ಅಂತ ಒಂದು ದಾರ ಕಟ್ಟಿ ನೋಡಿ.

ಗೋಡೆಗಳ ವಿಷಯದಲ್ಲಿ ಹಳಬರು ಮಾಡಿದ್ದು ಸರಿ ಇತ್ತು, ನಾವು ಕೆಡಿಸಿದೆವು. ಸುಣ್ಣದ ಗೋಡೆ ನೆಲದ ತೇವ ಹೀರಿಕೊಂಡರೂ ಅದನ್ನು ಆಚೆಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದು, ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮೊಣಕಾಲೆತ್ತರಕ್ಕೆ ಗಾರೆ ಉಬ್ಬಿ, ಬಿಳಿ ಉಪ್ಪು ಉದುರುತ್ತಾ ಇರುತ್ತದೆ. ಅದು ನೋಡಲು ಭಯಂಕರ, ರಿಪೇರಿ ಕಷ್ಟವಲ್ಲ. ಸಿಮೆಂಟು ಕೆತ್ತಿ ತೆಗೆದು ಮತ್ತೆ ಸುಣ್ಣ ಮಾಡಿಸಬೇಕು. ಉದ್ದುದ್ದಕ್ಕೆ ಬಿರುಕು ಬಿಟ್ಟು, ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಕೆಳಗಿದ್ದರೆ ಮಾತ್ರ ಹೆದರಬೇಕು. ಪಕ್ಕದಲ್ಲಿ ಯಾರೋ ನೆಲಮಾಳಿಗೆಗೆ ಅಗೆದಾಗ ಹೀಗಾಗುತ್ತದೆ.

ಹಾಗಾದರೆ ಕೆಡವಬೇಕಾ? ಬ್ರೋಕರ್ ಬಾಯಲ್ಲಿ ಅದೇ ಮಾತು ಬರುತ್ತದೆ. 2017ರ ಜೂನ್‌ನಲ್ಲಿ ಕೆ.ಆರ್. ಮಾರ್ಕೆಟ್‌ಗೆ ಮೆಟ್ರೋ ಬಂದ ಮೇಲೆ ಆ ಕಡೆಯವರ ಲೆಕ್ಕಾಚಾರವೇ ಬದಲಾಗಿದೆ. ಪೇಟೆಯ ವ್ಯಾಪಾರ ರಸ್ತೆ ದಾಟಿ ಒಳಗೆ ಬಂದಿದೆ. ಗೋಡೌನು, ಪಿಜಿ, ನಾಲ್ಕಂತಸ್ತು. ಆದರೆ ಒಂದನ್ನು ಯಾರೂ ಹೇಳುವುದಿಲ್ಲ. ಹಳೇ ಕಟ್ಟಡ 30 ಅಡಿಯನ್ನೂ ತುಂಬಿಕೊಂಡು ನಿಂತಿದೆ. ಹೊಸದಕ್ಕೆ ನಕ್ಷೆ ಮಂಜೂರು ಮಾಡಿಸಲು ಹೋದರೆ ಸುತ್ತ ಜಾಗ ಬಿಡಬೇಕು, ಕಾರಿಗೆ ಜಾಗ ತೋರಿಸಬೇಕು. ಕೆಳಗಿನ ಮನೆಗಳು ಅಲ್ಲಿಗೆ ಮುಗಿದವು. ನಿಯಮ ಮೀರಿ ಕಟ್ಟಿದರಾಯ್ತು ಅನ್ನೋ ಕಾಲ ಹೋಯಿತು. ನಕ್ಷೆಯಂತೆ ಕಟ್ಟಿದೆ ಅಂತ ಪಾಲಿಕೆ ಕೊಡುವ ಸ್ವಾಧೀನ ಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾನಾಗಿದ್ದರೆ ಮುಂದಿನ ಭಾಗ ಉಳಿಸುತ್ತಿದ್ದೆ. ರಸ್ತೆಗೆ ಜಗಲಿ, ಅಂಗಡಿ, ಅದರ ಹಿಂದಿನ ಎರಡು ಮನೆ. ಸಾಮಾನ್ಯವಾಗಿ ವಠಾರದಲ್ಲಿ ಮಾಲೀಕರು ಇರಲಿ ಅಂತ ಗಟ್ಟಿಯಾಗಿ ಕಟ್ಟಿದ್ದು ಮುಂದಿನದನ್ನೇ, ಹಿಂದಿನದು ಬಾಡಿಗೆಗೆ ಅಂತ ಹಗುರವಾಗಿ ಕಟ್ಟಿದ್ದು. ಹಿಂದಿನದರಲ್ಲಿ ಹಾಳಾದ ಮನೆಗಳನ್ನು ತೆಗೆದು ಅಲ್ಲಿ ಬಚ್ಚಲು, ಕಕ್ಕಸು, ಸಂಪು ಸರಿಯಾಗಿ ಮಾಡಬಹುದು. ನಡುವೆ ಬೆಳಕಿಗೆ ಅಂಗಳವೂ ಸಿಗುತ್ತದೆ. ಇದಕ್ಕೂ ಅನುಮತಿ ಬೇಕು, ಸುಮ್ನೆ ಶುರು ಮಾಡಬೇಡಿ. ಸುಣ್ಣದ ಕೆಲಸ ಗೊತ್ತಿರುವ ಗಾರೆಯವರು ಈಗ ಕಡಿಮೆ. ಹಳೇ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ವಿಭಾಗದಲ್ಲಿ ಕೇಳಿದರೆ ದಾರಿ ಸಿಗಬಹುದು. ಬೆಸ್ಕಾಂ ಮೀಟರ್‌ಗಳ ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ಸಂಖ್ಯೆ) ಎಲ್ಲವನ್ನೂ ಬರೆದುಕೊಳ್ಳಿ, ಯಾವುದು ಯಾರ ಹೆಸರಲ್ಲಿದೆ, ಬಾಕಿ ಎಷ್ಟಿದೆ ನೋಡಿ. ಜಲಮಂಡಳಿಯ ಸಂಪರ್ಕ ಒಂದೇ ಇದ್ದರೆ ಅದರ ಬಾಕಿ ನಿಮ್ಮ ತಲೆಗೇ ಬರುತ್ತದೆ.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಹೇಳುವ ಬೆಲೆಗೆ ಒಟ್ಟು 35 ಲಕ್ಷ. ಬ್ಯಾಂಕು 75 ಲಕ್ಷ ದಾಟಿದ ಗೃಹಸಾಲಕ್ಕೆ ಮೌಲ್ಯದ 75%ಗಿಂತ ಜಾಸ್ತಿ ಕೊಡುವಂತಿಲ್ಲ. ತೊಂಬತ್ತು ವರ್ಷದ ಕಟ್ಟಡ, ಒಳಗೆ ಬಾಡಿಗೆದಾರರು ಅಂದರೆ ಅಷ್ಟೂ ಕೊಡಲಿಕ್ಕಿಲ್ಲ. ಮಾರುವವರಿಗೆ ಕೊಡುವಾಗ 1% ಟಿಡಿಎಸ್, ಅಂದರೆ ಅವರ ಆದಾಯ ತೆರಿಗೆಯ ಲೆಕ್ಕಕ್ಕೆ, ಹಿಡಿದು ಕಟ್ಟಬೇಕು. ಅಮೆರಿಕದವರ ಪಾಲಿಗೆ ಮಾತ್ರ 1% ಸಾಲದು, ಅನಿವಾಸಿಗಳಿಗೆ ಇರುವ ದರ ತುಂಬಾ ಜಾಸ್ತಿ. ಹಿಡಿಯದಿದ್ದರೆ ಇಲಾಖೆ ಬರುವುದು ನಿಮ್ಮ ಮನೆಗೆ. ಆಡಿಟರ್ ಕೇಳದೆ ಚೆಕ್ ಬರೆಯಬೇಡಿ.

ಈಗ ಬ್ರೋಕರ್ ಹತ್ತಿರ ಎರಡು ಬೆಲೆ ಕೇಳಿ. ಎಲ್ಲರೂ ಖಾಲಿಯಾಗಿ, ಎಲ್ಲರ ಸಹಿ ಬಿದ್ದು, ಕೀಲಿಕೈ ಕೊಡುವುದಾದರೆ ಎಷ್ಟು? ಹೇಗಿದೆಯೋ ಹಾಗೇ ಕೊಡುವುದಾದರೆ ಎಷ್ಟು? ಎರಡಕ್ಕೂ 4 ಕೋಟಿ 60 ಲಕ್ಷ ಅಂತಲೇ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹೇಗಿದೆಯೋ ಹಾಗೇ ಕೊಳ್ಳುವುದಾದರೆ ನಾನು ಭೋಗ್ಯದ 12 ಲಕ್ಷ, ಅಜ್ಜಿಗೂ ಟೈಲರ್‌ಗೂ ಆಗುವ ಒಪ್ಪಂದದ ಮೊತ್ತ, ಕಡಿಮೆ ಅಂದರೂ ಒಂದು ವರ್ಷದ ಬಡ್ಡಿ, ಇಷ್ಟನ್ನೂ ಕಳೆದು ಚೌಕಾಸಿ ಶುರು ಮಾಡುತ್ತೇನೆ. ಅಡ್ವಾನ್ಸ್ ಕೊಡುವ ದಿನ ಬಂದಾಗ ವಂಶವೃಕ್ಷದಲ್ಲಿ ಇರುವ ಎಲ್ಲರೂ ಅಗ್ರಿಮೆಂಟಿಗೆ ಸಹಿ ಹಾಕಿರಬೇಕು, ದುಡ್ಡು ಚೆಕ್ಕಿನಲ್ಲೇ ಹೋಗಬೇಕು.

ಅದಕ್ಕೂ ಮೊದಲು ಒಂದು ಭಾನುವಾರ ಬೆಳಿಗ್ಗೆ ಒಬ್ಬರೇ ಹೋಗಿ, ಬ್ರೋಕರ್‌ಗೆ ಹೇಳಬೇಡಿ. ಟೈಲರ್ ಹತ್ತಿರ ಒಂದು ಪ್ಯಾಂಟು ಆಲ್ಟರ್ ಮಾಡಿಸಲು ಕೊಟ್ಟು ಅಲ್ಲೇ ಕೂತ್ಕೊಳ್ಳಿ. ಆ ಮನೆಯ ಹೆಣ್ಣುಮಕ್ಕಳು ಎಷ್ಟು ಜನ, ಯಾವ ಯಾವ ಊರಿಗೆ ಕೊಟ್ಟಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ.